ಬೀದಿ ಕಡೆಯ ಕಿಟಕಿ

ಗಂಜಾಂನಲ್ಲಿರುವ ನಮ್ಮ ಮನೆಗೆ ಬೀದಿ ಕಡೆಗೆ ಇರುವುದು ಒಂದೇ ಕಿಟಕಿ. ಕಬ್ಬಿಣದ ಸರಳು, ಮರದ ಬಾಗಿಲು. ಅದರ ಎದುರು ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಪಟದ ಕೆಳಗಿನ ಹಲಗೆಯ ಮೇಲೆ ಮಾತೆ ಮರಿಯಮ್ಮನವರ ಗೇಣುದ್ದದ ಸ್ವರೂಪ. ಸಂಜೆ ಏಳಕ್ಕೆ ನಾವು ಜಪಸರಕ್ಕೆ ಮೊಣಕಾಲೂರುವುದು ಅಲ್ಲೇ, ಬೀದಿಗೆ ಬೆನ್ನು ಮಾಡಿ. ಜಪಸರದ ಹೊತ್ತಿನಲ್ಲಿ ಆ ಕಿಟಕಿಯನ್ನು ನಾನು ಸುಮಾರು ಹದಿನೇಳು ವರ್ಷ ಮುಚ್ಚಿಯೇ ಇಟ್ಟಿದ್ದೆ. ಯಾರಾದರೂ ಕೇಳಿದರೆ ಸೊಳ್ಳೆ ಎನ್ನುತ್ತಿದ್ದೆ. ಕಾವೇರಿ ದಂಡೆಯ ಊರು, ಸುತ್ತ ಗದ್ದೆ ಬಯಲು, ಸೊಳ್ಳೆಯಿದ್ದದ್ದೂ ಸುಳ್ಳಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಚರ್ಚಿನ ಮಹಿಳೆಯರ ಸಭೆಯಲ್ಲಿ ‘ಕಷ್ಟಕಾಲದಲ್ಲಿ ಮನೆಯ ಶಾಂತಿ ಮತ್ತು ತಾಯಿ’ ಎಂಬ ವಿಷಯದ ಮೇಲೆ ಮಾತನಾಡಲು ನನ್ನನ್ನು ಕರೆದರು. ಟೀಚರು ತಾನೇ, ಮಾತಾಡುತ್ತಾಳೆ ಎಂದಿರಬೇಕು. ಮಾತಾಡಿದೆ. ಊಟದ ಹೊತ್ತಿನಲ್ಲಿ ಟಿವಿ ಬೇಡ, ಮಕ್ಕಳ ಎದುರಿಗೆ ಯಾರ ಜಾತಿಯನ್ನೂ ಎತ್ತಿ ಆಡಬೇಡಿ, ಗಂಡ ಹೆಂಡತಿ ಜಗಳವಾಡಿದರೂ ಜಪಸರ ತಪ್ಪಿಸಬೇಡಿ, ಹೀಗೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಸ್ವಾಮಿಯವರು ಒಂದು ಜಪಸರವನ್ನೇ ಕಾಣಿಕೆಯಾಗಿ ಕೊಟ್ಟರು. ಕಿಟಕಿಯ ವಿಷಯ ಮಾತ್ರ ನಾನು ಹೇಳಲಿಲ್ಲ. ಅದನ್ನು ಇಲ್ಲಿ ಹೇಳಿಬಿಡುತ್ತೇನೆ.

ನನ್ನ ತವರು ಪಾಂಡವಪುರ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸಿಪಾಯಿಗಳು ಬಿಡಾರ ಹೂಡಿದ್ದರಿಂದ ಆ ಊರಿಗೆ ಫ್ರೆಂಚ್ ರಾಕ್ಸ್ ಎಂಬ ಹೆಸರೂ ಇತ್ತು. ನಮ್ಮಜ್ಜಿ ಕೊನೆಯವರೆಗೂ ಹಾಗೇ ಕರೆಯುತ್ತಿದ್ದರು. 1991ರ ಮೇ ತಿಂಗಳಲ್ಲಿ ಮದುವೆಯಾಗಿ ಗಂಜಾಂಗೆ ಬಂದೆ. ಗಂಜಾಂ ಎಂದರೆ ನಿಮಗೆ ನಿಮಿಷಾಂಬ ದೇವಸ್ಥಾನ ನೆನಪಾಗುತ್ತದೆ, ಇಲ್ಲವೆ ಟಿಪ್ಪುವಿನ ಗುಂಬಜ್, ಹಳಬರಾದರೆ ಅಂಜೂರದ ಹಣ್ಣು. ನಮಗೆ ಅದು ಅಬ್ಬೆ ದುಬ್ವಾ ಸ್ವಾಮಿಗಳ ಊರು. ಟಿಪ್ಪು 1784ರಲ್ಲಿ ಕೆನರಾದ ಕಥೋಲಿಕರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಬಂದ. 1799ರಲ್ಲಿ ಕೋಟೆ ಬಿದ್ದಾಗ ಉಳಿದವರಿಗೆ ಬಿಡುಗಡೆಯಾಯಿತು. ಚದುರಿಹೋದ ಕ್ರೈಸ್ತರನ್ನು ಮತ್ತೆ ಒಟ್ಟುಗೂಡಿಸಲು ಬಂದವರು ದುಬ್ವಾ. ನಮ್ಮವರ ಹಾಗೆಯೇ ಉಟ್ಟು, ಉಂಡು, ಸಿಡುಬಿಗೆ ದೇವಿ ಹಾಕುವುದನ್ನು ಮೈಸೂರು ಸೀಮೆಯಲ್ಲಿ ಹರಡಿ, 1823ರಲ್ಲಿ ದೇಶ ಬಿಟ್ಟು ಹೋದರು. ಜನ ಅವರನ್ನು ದೊಡ್ಡಸ್ವಾಮಿಯೋರು ಎಂದು ಕರೆಯುತ್ತಿದ್ದರಂತೆ. ಈ ಕತೆ ಮತ್ತೆ ಬರುತ್ತದೆ, ಅದಕ್ಕೇ ಹೇಳಿದೆ.

ನಮ್ಮ ಮಾವನವರು ಗಂಜಾಂನವರೇ. ಹರೆಯದಲ್ಲಿ ಕೋಲಾರದ ಚಿನ್ನದ ಗಣಿಗೆ ಕೆಲಸಕ್ಕೆ ಹೋಗಿ, ಚಾಂಪಿಯನ್ ರೀಫ್‌ನಲ್ಲಿ ಹುಟ್ಟಿ ಬೆಳೆದ ತಮಿಳು ಹುಡುಗಿಯನ್ನು ಮದುವೆಯಾಗಿ ಕರೆತಂದರು. ಆಕೆಯೇ ನಮ್ಮತ್ತೆ. ನಾನು ಬರುವ ಹೊತ್ತಿಗೆ ಮಾವನವರು ತೀರಿಕೊಂಡು ಆರು ವರ್ಷವಾಗಿತ್ತು. ಅತ್ತೆಗೆ ಕನ್ನಡ ಸೊಗಸಾಗಿ ಬರುತ್ತಿತ್ತು. ವ್ಯಾಪಾರ ಕನ್ನಡದಲ್ಲಿ, ಜಗಳ ಕನ್ನಡದಲ್ಲಿ, ರಾಜ್‌ಕುಮಾರ್ ಸಿನಿಮಾ ಅಂತೂ ಕನ್ನಡದಲ್ಲಿ. ಆದರೆ ದೇವರ ಹತ್ತಿರ ಮಾತ್ರ ತಮಿಳು. ಸಂಜೆ ತಲೆಗೆ ಸೆರಗು ಹೊದ್ದು ಆ ಪಟದ ಮುಂದೆ ಕುಳಿತು, ಗಣಿಯ ಹೆಂಗಸರ ಆ ದೊಡ್ಡ ಗಂಟಲಿನಲ್ಲಿ ಜಪಸರ ಶುರುಮಾಡಿದರೆ ಬೀದಿಯ ಕೊನೆಗೆ ಕೇಳಿಸುತ್ತಿತ್ತು. ನಮ್ಮ ಮನೆಯವರು ಕನ್ನಡದಲ್ಲಿ ಉತ್ತರ ಹೇಳುತ್ತಿದ್ದರು. ಅರ್ಧ ತಮಿಳು, ಅರ್ಧ ಕನ್ನಡ. ಹೊಸದಾಗಿ ಬಂದ ನನಗೆ ನಗು ತಡೆಯುವುದೇ ಕಷ್ಟವಾಗುತ್ತಿತ್ತು. ನನ್ನನ್ನು ಆಕೆ ‘ಕಣ್ಣು’ ಎಂದು ಕರೆಯುತ್ತಿದ್ದರು. ‘ಬಾ ಕಣ್ಣು, ಊಟ ಮಾಡು ಕಣ್ಣು.’ ತಮಿಳಿನಲ್ಲಿ ಅದು ಮುದ್ದಿನ ಮಾತು.

ಆ ವರ್ಷ ಜೂನ್ 25ರಂದು ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ತೀರ್ಪು ಬಂತು, ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ಬಿಡಬೇಕೆಂದು. ಡಿಸೆಂಬರ್ 11ರಂದು ಕೇಂದ್ರ ಸರ್ಕಾರ ಅದನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿದ್ದೇ ತಡ, ಬೆಂಗಳೂರು, ಮೈಸೂರುಗಳಲ್ಲಿ ಬೆಂಕಿ ಹತ್ತಿಕೊಂಡಿತು. ಕನ್ನಂಬಾಡಿಯ ನೀರನ್ನೇ ನಂಬಿರುವ ನಮ್ಮ ಸೀಮೆಯ ರೈತರ ಸಿಟ್ಟು ಸುಳ್ಳಲ್ಲ. ನಮಗೂ ಅರ್ಧ ಎಕರೆ ಗದ್ದೆಯಿತ್ತು. ಆದರೆ ಆ ಸಿಟ್ಟು ನೀರು ಬಿಟ್ಟವರ ಮನೆಗೆ ಹೋಗದೆ ತಮಿಳು ಮಾತಾಡುವ ಬಡವರ ಗುಡಿಸಲಿಗೆ ಹೋಯಿತು. ನಮ್ಮ ಮನೆಯವರು ಬಸ್ ಕಂಡಕ್ಟರ್. 12ನೇ ತಾರೀಕು ಬಸ್ಸು ಮಧ್ಯದಲ್ಲೇ ನಿಂತು, ನಡೆದುಕೊಂಡು ಮನೆಗೆ ಬಂದರು. ಮುಖ ಬಿಳಿಚಿಕೊಂಡಿತ್ತು. ಏನು ನೋಡಿದರೆಂದು ಇವತ್ತಿಗೂ ಪೂರ್ತಿ ಹೇಳಿಲ್ಲ. ‘ಅಮ್ಮನಿಗೆ ನೀನು ಹೇಳು, ನನ್ನ ಕೈಲಾಗಲ್ಲ’ ಎಂದರು.

ನಾನು ಮೂರು ತಿಂಗಳ ಬಸುರಿ. ವಯಸ್ಸು ಇಪ್ಪತ್ತೆರಡು. ಸಂಜೆ ಕಿಟಕಿ ಮುಚ್ಚಿ, ಅಗುಳಿ ಹಾಕಿ, ‘ಅತ್ತೆ, ಸ್ವಲ್ಪ ದಿವಸ ಮನಸ್ಸಿನಲ್ಲೇ ಹೇಳ್ಕೊಳ್ಳಿ’ ಎಂದೆ.

ಆಕೆಗೆ ಮೊದಲು ಅರ್ಥವಾಗಲಿಲ್ಲ. ‘ಯಾಕೆ ಕಣ್ಣು, ಮಾದಾವುಗೆ ತಮಿಳು ಬರುತ್ತಲ್ಲ?’ ಎಂದರು. ತಮಿಳಿನವರು ಮರಿಯಮ್ಮನವರನ್ನು ಮಾದಾ ಎನ್ನುತ್ತಾರೆ.

‘ಬೀದಿಯೋರಿಗೂ ಬರುತ್ತಲ್ಲ ಅತ್ತೆ, ಅದಕ್ಕೇ’ ಎಂದೆ ನಾನು. ಬಿ.ಎ., ಬಿ.ಎಡ್. ಓದಿದ ಜಾಣೆ ನೋಡಿ, ಉತ್ತರ ನಾಲಿಗೆ ತುದಿಯಲ್ಲೇ ಇತ್ತು.

ಮಾರನೆಯ ದಿನ ಮಧ್ಯಾಹ್ನ ಹತ್ತು ಹದಿನೈದು ಹುಡುಗರು ದೊಣ್ಣೆ ಹಿಡಿದು ಬೀದಿಗೆ ಬಂದರು. ನಮ್ಮೂರಿನವರಲ್ಲ. ಎದುರು ಮನೆಯ ಗೌಡರ ತಾಯಿ ನಮ್ಮ ಜಗಲಿಯ ಮೇಲೆ ಅವರೆಕಾಯಿಯ ಮೊರ ಇಟ್ಟುಕೊಂಡು ಸುಲಿಯುತ್ತ ಕೂತಿದ್ದರು. ತಮ್ಮ ಜಗಲಿ ಬಿಟ್ಟು ನಮ್ಮದಕ್ಕೆ ಯಾಕೆ ಬಂದಿದ್ದಾರೆಂದು ನನಗೆ ಬೆಳಗ್ಗೆಯಿಂದ ಹೊಳೆದಿರಲಿಲ್ಲ. ‘ಇಲ್ಲಿ ಕೊಂಗರು ಯಾರವ್ರೆ?’ ಎಂದು ಒಬ್ಬ ಕೇಳಿದ. ‘ನಿಮ್ಮವ್ವನ ವಯಸ್ಸಿನೋಳ್ನ ಏನ್ಲಾ ಕೇಳೀಯ? ಎಲ್ಲಾ ನಮ್ಮೋರೇ ಕನ್ಲಾ, ನಡೀರ್ಲಾ ಅತ್ಲಾಗೆ’ ಎಂದು ಆಕೆ ಬೈದದ್ದು ಮುಚ್ಚಿದ ಕಿಟಕಿಯ ಹಿಂದೆ ನಿಂತಿದ್ದ ನನಗೆ ಸ್ಪಷ್ಟವಾಗಿ ಕೇಳಿಸಿತು. ಹುಡುಗರು ಹೋದರು. ಸಂಜೆ ಆಕೆ ಸುಲಿದ ಕಾಳಿನಲ್ಲಿ ಒಂದು ಪಾವು ನಮಗೇ ಅಳೆದು ಕೊಟ್ಟು ಎದ್ದು ಹೋದರು. ಆ ವಿಷಯ ಆಮೇಲೆ ಯಾವತ್ತೂ ಎತ್ತಲಿಲ್ಲ.

ಗಲಾಟೆ ಕೆಲವು ದಿನಗಳಲ್ಲಿ ಅಡಗಿತು. ಕ್ರಿಸ್ಮಸ್ ಬಂತು, ಗೋದಲಿ ಕಟ್ಟಿದೆವು. ಬಸ್ಸು ಓಡಿತು. ಆದರೆ ‘ಅತ್ತೆ, ಇನ್ನು ಪರವಾಗಿಲ್ಲ, ಬಾಯಿಬಿಟ್ಟು ಹೇಳಿ’ ಎಂದು ನಾನು ಹೇಳಲಿಲ್ಲ. ಮರೆತದ್ದಲ್ಲ. ಮನೆ ಸದ್ದಿಲ್ಲದೆ ಇತ್ತು, ಅದೇ ಶಾಂತಿ ಅನ್ನಿಸಿತ್ತು. ಅತ್ತೆಯೂ ಕೇಳಲಿಲ್ಲ. ಜಪಸರದ ಹೊತ್ತಿನಲ್ಲಿ ಹಿಂದೆ ಗೋಡೆಗೆ ಒರಗಿ ಕುಳಿತು ತುಟಿ ಆಡಿಸುತ್ತಿದ್ದರು. ಮುಂದಿನ ತಪಸ್ಸುಕಾಲದಲ್ಲಿ ತಾವಾಗಿಯೇ ‘ಕನ್ನಡದ್ದು ಹೇಳಿಕೊಡು’ ಎಂದರು. ನಾನು ಕಾಪಿ ಪುಸ್ತಕದಲ್ಲಿ ದೊಡ್ಡ ಅಕ್ಷರದಲ್ಲಿ ನಮೋ ಮರಿಯ, ಪರಲೋಕ ಮಂತ್ರ ಎಲ್ಲ ಬರೆದು ಓದಿ ಹೇಳಿದೆ. ಅರವತ್ತರ ಹೆಂಗಸು ಒಂದನೇ ತರಗತಿಯ ಮಗುವಿನಂತೆ ಒಪ್ಪಿಸುತ್ತಿದ್ದರು. ಉಚ್ಚಾರಣೆ ತಪ್ಪಿದರೆ ನಾನು ತಿದ್ದುತ್ತಿದ್ದೆ. ಹೌದು, ತಿದ್ದುತ್ತಿದ್ದೆ. ಆಗಿನಿಂದ ನಾನು ಅವರಿಗೆ ‘ಟೀಚರಮ್ಮ’ ಆದೆ. ಕೆಲಸ ಸಿಕ್ಕುವ ಮುಂಚೆಯೇ! ಎಲ್ಲರೂ ತಮಾಷೆಯೆಂದುಕೊಂಡರು, ನಾನೂ ನಕ್ಕೆ. ‘ಕಣ್ಣು’ ಎಂಬ ಮಾತು ನಿಂತುಹೋಗಿದೆ ಎಂದು ನನಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

1995ರಲ್ಲಿ ಸರ್ಕಾರಿ ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನದ ಟೀಚರಾಗಿ ಕೆ.ಆರ್. ಪೇಟೆ ತಾಲ್ಲೂಕಿಗೆ ನೇಮಕವಾಯಿತು. ಬೆಳಗಿನ ಮೊದಲ ಬಸ್ಸು, ಪಾಂಡವಪುರ, ಚಿನಕುರಳಿ ದಾಟಿ ಹೋಗಬೇಕು. ವಾಪಸು ಬರುವಾಗ ಕತ್ತಲು. ದೊಡ್ಡವನಿಗೆ ಮೂರು ವರ್ಷ, ಮಗಳಿಗೆ ಎಂಟು ತಿಂಗಳು. ಇಬ್ಬರನ್ನೂ ಸಾಕಿದವರು ಅತ್ತೆಯೇ. ಅಡುಗೆಮನೆಯಲ್ಲಿ ಒಲೆ ಪಕ್ಕ ಕೂರಿಸಿಕೊಂಡು, ಮುದ್ದೆ ತಿನ್ನಿಸುತ್ತ, ಆಕೆ ಮಕ್ಕಳ ಹತ್ತಿರ ತಮಿಳಿನಲ್ಲಿ ಮಾತಾಡುತ್ತಿದ್ದರಂತೆ, ತಮಿಳಿನಲ್ಲೇ ಜಪ ಕಲಿಸಿದ್ದರಂತೆ. ಸಂಜೆ ನಾನು ಬರುವ ಬಸ್ಸಿನ ಹೊತ್ತಿಗೆ ಮೂವರೂ ಕನ್ನಡಕ್ಕೆ ಬಂದುಬಿಡುತ್ತಿದ್ದರು. ನನಗೆ ಏನೂ ತಿಳಿಯಲಿಲ್ಲ.

ಎಂಟನೇ ತರಗತಿಗೆ ಮೈಸೂರು ಇತಿಹಾಸ ಪಾಠ ಮಾಡುವಾಗ ನಾನು ನಮ್ಮೂರಿನ ಕತೆ ಸೇರಿಸುತ್ತಿದ್ದೆ. ಟಿಪ್ಪುವಿನ ರೇಷ್ಮೆ, ಅವನ ಯುದ್ಧ, ಹಾಗೆಯೇ ಆ ಸೆರೆಯವರು. ಒಂದನ್ನು ಹೇಳಿ ಇನ್ನೊಂದನ್ನು ಬಿಡುತ್ತಿರಲಿಲ್ಲ. ಪ್ರಾಥಮಿಕ ಶಾಲೆಯ ಮೇಷ್ಟರಾಗಿದ್ದ ನಮ್ಮಪ್ಪ ನನಗೆ ಹಾಗೇ ಹೇಳಿಕೊಟ್ಟಿದ್ದರು. ಸೆರೆಯವರು ಹದಿನೈದು ವರ್ಷ ಬಾಯಿಬಿಟ್ಟು ಜಪ ಹೇಳಲಾಗದೆ ಹೇಗೆ ಕಳೆದಿರಬಹುದು, ಊಹಿಸಿ ಬರೆಯಿರಿ ಎಂದು ಮಕ್ಕಳಿಗೆ ಮನೆಗೆಲಸ ಕೊಟ್ಟಿದ್ದೂ ಉಂಟು. ಆ ನೋಟ್ಸುಗಳನ್ನು ತಿದ್ದುತ್ತ ನಾನು ಕುಳಿತಿದ್ದದ್ದು ಮುಚ್ಚಿದ ಕಿಟಕಿಯ ಪಕ್ಕ, ಅತ್ತೆ ತುಟಿ ಆಡಿಸುತ್ತಿದ್ದ ಅದೇ ಪಡಸಾಲೆಯಲ್ಲಿ.

2000ದ ಜುಲೈ 30ರಂದು ವೀರಪ್ಪನ್ ರಾಜ್‌ಕುಮಾರ್ ಅವರನ್ನು ಗಾಜನೂರಿನಿಂದ ಹೊತ್ತೊಯ್ದಾಗ ಮತ್ತೆ ಅದೇ ಭಯ. 108 ದಿನ. ಅತ್ತೆ ಅಷ್ಟೂ ದಿನ ಅಣ್ಣಾವ್ರಿಗಾಗಿ ಒಂದು ಜಪಸರ ಹೆಚ್ಚಿಗೆ ಹೇಳಿದರು, ಶುದ್ಧ ಕನ್ನಡದಲ್ಲಿ. ನವೆಂಬರ್ 15ರಂದು ಬಿಡುಗಡೆಯಾದಾಗ ಎದುರು ಮನೆಗೆ ಹೋಗಿ ಸಕ್ಕರೆ ಹಂಚಿ ಬಂದರು. ನಾನು ಹೆಮ್ಮೆಪಟ್ಟೆ, ಎಷ್ಟು ಚೆನ್ನಾಗಿ ಹೊಂದಿಕೊಂಡಿದ್ದಾರೆ ಎಂದು.

2008ರ ಆಗಸ್ಟಿನಲ್ಲಿ ಅವರಿಗೆ ಲಕ್ವ ಹೊಡೆಯಿತು. ನಾನಾಗ ನಾಗಮಂಗಲದ ಕಡೆ ವರ್ಗವಾಗಿದ್ದೆ. ಸಾಲದ ಮೇಲೆ ರಜೆ ತೆಗೆದುಕೊಂಡೆ, ಅದೂ ತೀರಿ ಮತ್ತೆ ಶಾಲೆಗೆ ಓಡಾಟ. ಸೆಪ್ಟೆಂಬರ್ 14, ಭಾನುವಾರ, ಮಂಗಳೂರಿನ ಸುತ್ತಮುತ್ತ ಚರ್ಚುಗಳ ಮೇಲೆ ದಾಳಿಯಾಯಿತು. ಟಿವಿಯಲ್ಲಿ ಒಡೆದ ಶಿಲುಬೆ, ಅಳುವ ಕನ್ಯಾಸ್ತ್ರೀಯರು. ಸೋಮವಾರ ಶಾಲೆಯಲ್ಲಿ ಒಬ್ಬ ಹುಡುಗ ಎದ್ದು, ‘ಮೇಡಂ, ನಿಮ್ಮ ಚರ್ಚಿಗೂ ಹೊಡೆದ್ರಾ?’ ಎಂದು ಮುಗ್ಧವಾಗಿ ಕೇಳಿದ. ಇಲ್ಲಪ್ಪ ಎಂದೆ. ಸ್ಟಾಫ್ ರೂಮಿನಲ್ಲಿ ಮತಾಂತರದ ಮಾತು ಬಂದಾಗ ಮೊಸರನ್ನದ ಡಬ್ಬಿಯಿಂದ ತಲೆ ಎತ್ತಲಿಲ್ಲ. ನನ್ನ ವಿದ್ಯೆಯೇ ಅದು, ಸುಮ್ಮನಿರುವುದು. ಮನೆಗೆ ಬಂದರೆ ಹದಿಮೂರು ವರ್ಷದ ಮಗಳು, ‘ಅಮ್ಮ, ಬಾಗಿಲ ಮೇಲಿನ ಶಿಲುಬೆ ಒಳಗಿಡೋಣ್ವಾ?’ ಎಂದಳು.

ನಾನು ಉತ್ತರ ಹುಡುಕುತ್ತಿದ್ದಾಗಲೇ ಅತ್ತೆ ಶುರುಮಾಡಿದರು. ಲಕ್ವದ ಮೇಲೆ ಅವರಿಗೆ ಮಾತೇ ನಿಂತಿತ್ತು. ಅವತ್ತು ಸಂಜೆ ಇದ್ದಕ್ಕಿದ್ದಂತೆ, ಸೊಟ್ಟಗಾದ ಬಾಯಲ್ಲಿ, ಆದರೆ ಆ ಹಳೆಯ ಗಣಿಯ ಗಂಟಲಿನಲ್ಲಿ ತಮಿಳು ಜಪಸರ. ಮುರಿದು ಮುರಿದು, ಒಂದೇ ಜಪ ಮತ್ತೆ ಮತ್ತೆ. ನಾನು ಕಲಿಸಿದ ಕನ್ನಡವೆಲ್ಲ ಅಳಿಸಿಹೋಗಿತ್ತು. ಲಕ್ವ ಹೊಡೆದವರಿಗೆ ಕೆಲವೊಮ್ಮೆ ಹಾಗಾಗುತ್ತದೆ, ಮೊದಲು ಕಲಿತದ್ದೇ ಕೊನೆಗೆ ಉಳಿಯುತ್ತದೆ ಎಂದು ಆಮೇಲೆ ಡಾಕ್ಟರು ಹೇಳಿದರು. ಮಕ್ಕಳಿಬ್ಬರೂ ಹೋಗಿ ಮಂಚದ ಆಚೀಚೆ ಮೊಣಕಾಲೂರಿದರು. ಉತ್ತರ ಹೇಳಿದರು, ತಮಿಳಿನಲ್ಲಿ, ಒಂದು ಅಕ್ಷರ ತಪ್ಪದೆ. ನನ್ನ ಮನೆಯಲ್ಲಿ ನನಗೆ ಬಾರದ ಜಪ ನನ್ನ ಮಕ್ಕಳಿಗೆ ಬರುತ್ತಿತ್ತು. ನಾನು ಬಾಗಿಲ ಹತ್ತಿರ ನಿಂತು ಕೇಳುತ್ತಿದ್ದೆ.

ಕಿಟಕಿಯನ್ನು ಅವತ್ತು ತೆರೆದೆ. ಧೈರ್ಯ ಬಂತೆಂದು ತಿಳಿಯಬೇಡಿ. ರೋಗಿಯ ಕೋಣೆಯ ವಾಸನೆ, ಗಾಳಿ ಬೇಕಾಗಿತ್ತು. ಬಾಗಿಲು ಉಬ್ಬಿಕೊಂಡು ಸುಲಭಕ್ಕೆ ತೆರೆಯಲಿಲ್ಲ, ರುಬ್ಬುಗುಂಡಿನಿಂದ ಗುದ್ದಬೇಕಾಯಿತು. ಎದುರು ಜಗಲಿಯ ಮೇಲೆ ಗೌಡರ ತಾಯಿ, ಈಗ ಆಕೆಯೂ ಬೆನ್ನು ಬಾಗಿದವರು, ‘ಯಾರವ್ವಾ, ನಿಮ್ಮತ್ತೆಯಾ? ಎಷ್ಟು ವರ್ಷ ಆಗಿತ್ತು ಕೇಳಿ!’ ಎಂದರು.

ಶಿಲುಬೆ ಬಾಗಿಲ ಮೇಲೆಯೇ ಉಳಿಯಿತು. ಅತ್ತೆ ಹನ್ನೊಂದು ದಿನವಿದ್ದು ತೀರಿಕೊಂಡರು. ನನ್ನನ್ನು ಆ ದಿನಗಳಲ್ಲಿ ತಮ್ಮ ಯಾರೋ ತಂಗಿಯೆಂದು ತಿಳಿದು ಮಾತಾಡಿಸುತ್ತಿದ್ದರು. ಕ್ಷಮೆ ಕೇಳಿದೆ, ಆದರೆ ಕೇಳಿಸಿಕೊಂಡದ್ದು ಆ ತಂಗಿ. ಸ್ವಾಮಿಯವರಲ್ಲಿ ಪಾಪನಿವೇದನೆ ಮಾಡಿದಾಗ, ‘ಅದು ಭಯ, ಪಾಪವಲ್ಲಮ್ಮ’ ಎಂದರು. ಒಳ್ಳೆಯವರು. ನನಗೆ ಒಪ್ಪಿಗೆಯಾಗಲಿಲ್ಲ. ಆ ಡಿಸೆಂಬರಿನ ಎರಡು ವಾರ ಭಯ, ಸರಿ. ಉಳಿದ ಹದಿನಾರು ವರ್ಷ ಚಿಲ್ಲರೆ?

ಒಮ್ಮೆ ಪಾಠ ಕಲಿತರೆ ಸಾಕು ಎನ್ನುತ್ತಾರಲ್ಲ, ಅದು ಸುಳ್ಳು. 2016ರ ಸೆಪ್ಟೆಂಬರ್ 12ರಂದು, ನೀರು ಬಿಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶದ ಮೇಲೆ ಬೆಂಗಳೂರಿನಲ್ಲಿ ಬಸ್ಸು, ಲಾರಿಗಳು ಸುಡುತ್ತಿದ್ದಾಗ ಮಗ ಫೋನ್ ಮಾಡಿದ. ಅವನು ಅಲ್ಲಿ ಕೆಲಸದಲ್ಲಿದ್ದ. ಜೊತೆಯಲ್ಲಿದ್ದ ಹುಡುಗ ತಿರುಚ್ಚಿಯವನು, ರೂಮಿನಲ್ಲಿ ಹೆದರಿ ಕುಳಿತಿದ್ದಾನೆ, ದಾರಿ ತೆರೆದ ಮೇಲೆ ಊರಿಗೆ ಕರೆತರುತ್ತೇನೆ ಎಂದ. ನಾನು ‘ಬನ್ನಿ’ ಎಂದೆ. ಅದರ ಹಿಂದೆಯೇ, ‘ಅವನು ದಾರೀಲಿ, ಬೀದೀಲಿ ತಮಿಳು ಮಾತಾಡದ ಹಾಗೆ ನೋಡ್ಕೋ’ ಎಂದೂ ಅಂದೆ.

ಫೋನಿನಲ್ಲಿ ಸ್ವಲ್ಪ ಹೊತ್ತು ಸದ್ದಿರಲಿಲ್ಲ. ‘ಅಜ್ಜಿಗೆ ಹೇಳಿದ ಹಾಗಾ ಅಮ್ಮ?’ ಎಂದ.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವನು ಬೈಯಲಿಲ್ಲ. ಆ ಶನಿವಾರ ಇಬ್ಬರೂ ರೈಲಿನಲ್ಲಿ ಬಂದರು. ಸಂಜೆ ಜಪಸರದಲ್ಲಿ ಆ ಹುಡುಗನ ಸರದಿ ಬಂದಾಗ ಅವನು ನನ್ನ ಮುಖ ನೋಡಿದ. ನಿನ್ನ ಭಾಷೆಯಲ್ಲೇ ಹೇಳಪ್ಪ ಎಂದೆ. ನಮ್ಮ ಮನೆಯವರು, ಆಗಲೇ ನಿವೃತ್ತರು, ಕಣ್ಣು ಮುಚ್ಚಿಕೊಂಡು ಕನ್ನಡದಲ್ಲಿ ಉತ್ತರ ಹೇಳಿದರು, ತಮ್ಮ ತಾಯಿಗೆ ಹೇಳುತ್ತಿದ್ದ ಹಾಗೆಯೇ.

ಸೆಪ್ಟೆಂಬರ್ ಎಂದರೆ ನನಗೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ. 8ನೇ ತಾರೀಕು ಮರಿಯಮ್ಮನವರ ಹುಟ್ಟುಹಬ್ಬ, ಅದರ ಹಿಂದೆಮುಂದೆಯೇ ಗಣೇಶನ ಹಬ್ಬ. ಮಳೆ ಕೈಕೊಟ್ಟ ವರ್ಷ ಅದೇ ಹೊತ್ತಿಗೆ ಕಾವೇರಿ. 2002, 2012, 2016, 2023, ಎಲ್ಲವೂ ಅದೇ ತಿಂಗಳಲ್ಲಿ ಬಿಸಿಯೇರಿದವು. 2024ರಲ್ಲಿ ಮಳೆ ಚೆನ್ನಾಗಿತ್ತು, ಕನ್ನಂಬಾಡಿ ತುಂಬಿತ್ತು. ಸದ್ಯ ಎಂದುಕೊಂಡಿದ್ದೆ. ಸೆಪ್ಟೆಂಬರ್ 11ರ ರಾತ್ರಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆ ದರ್ಗಾದ ಹತ್ತಿರ ಬಂದಾಗ ಗಲಭೆಯಾಗಿ, ಕಲ್ಲು ತೂರಾಟ, ಅಂಗಡಿಗಳಿಗೆ ಬೆಂಕಿ. ನಾನು ದಿನಾ ಬಸ್ಸಿಳಿಯುತ್ತಿದ್ದ ಊರು.

ಮಾರನೆಯ ದಿನ ಹಳೆಯ ವಿದ್ಯಾರ್ಥಿನಿಯೊಬ್ಬಳ ಫೋನ್ ಬಂತು. ಹತ್ತನೇ ತರಗತಿಯಲ್ಲಿ ನನ್ನ ಹತ್ತಿರ ಓದಿದವಳು, ಈಗ ಎರಡು ಮಕ್ಕಳ ತಾಯಿ. ಪೊಲೀಸರಿಗೆ ಹೆದರಿ ಬೀದಿಯ ಗಂಡಸರು ಊರು ಬಿಟ್ಟಿದ್ದಾರೆ, ಮಕ್ಕಳು ರಾತ್ರಿ ಮಲಗುತ್ತಿಲ್ಲ. ‘ಮೇಡಂ, ಮಕ್ಕಳನ್ನ ನಾಲ್ಕು ದಿನ ನಿಮ್ಮ ಹತ್ರ ಬಿಡ್ಲಾ?’ ಈ ಸಲ ನಾನು ‘ಕಳಿಸಮ್ಮ’ ಎಂದು ಅಷ್ಟಕ್ಕೇ ಬಾಯಿ ಮುಚ್ಚಿಕೊಂಡೆ.

ಒಂಬತ್ತು ವರ್ಷದ ಹುಡುಗಿ, ಆರು ವರ್ಷದ ಹುಡುಗ. ಎರಡು ದಿನ ಮನೆಯಲ್ಲಿ ಮಕ್ಕಳಿದ್ದಾರೆಂದೇ ಗೊತ್ತಾಗಲಿಲ್ಲ. ಏನು ಬೇಕಾದರೂ ಒಬ್ಬರ ಕಿವಿಯಲ್ಲಿ ಒಬ್ಬರು ಪಿಸುಗುಟ್ಟುತ್ತಿದ್ದರು. ಯಾಕಮ್ಮ ಎಂದು ಕೇಳಿದರೆ ಹುಡುಗಿ ತಲೆ ತಗ್ಗಿಸಿ, ‘ಅಮ್ಮಿ ಹೇಳವ್ರೆ, ಅಲ್ಲಿ ಉರ್ದು ಮಾತಾಡ್ಬೇಡಿ ಅಂತ’ ಎಂದಳು.

ಮಾತಾಡಿ, ಈ ಮನೆಯಲ್ಲಿ ಪರವಾಗಿಲ್ಲ ಎಂದು ನಾನು ಹೇಳಿದೆ. ನಮ್ಮ ಮನೆಯವರೂ ಹೇಳಿದರು. ಅವರು ತಲೆಯಾಡಿಸಿದರು, ಮತ್ತೆ ಪಿಸುಗುಟ್ಟಿದರು. ಮಕ್ಕಳು ನಂಬುವುದು ತಾಯಿಯ ಮಾತನ್ನು.

ಮೂರನೆಯ ದಿನ ಸಂಜೆ ನಾವು ಜಪಸರಕ್ಕೆ ಕುಳಿತಿದ್ದೆವು, ಕಿಟಕಿ ತೆರೆದೇ ಇತ್ತು. ಅಡುಗೆಮನೆಯಲ್ಲಿ ಒಂದೇ ಒಂದು ಚಕ್ಕುಲಿ ಉಳಿದಿತ್ತೆಂದು ಕಾಣುತ್ತದೆ. ಮೊದಲು ತಟ್ಟೆ ಬಿತ್ತು, ಆಮೇಲೆ ಹುಡುಗ ಕಿರುಚಿದ, ಅಕ್ಕ ಅದಕ್ಕಿಂತ ಜೋರಾಗಿ ಕಿರುಚಿದಳು, ಉರ್ದುವಿನಲ್ಲಿ ಏನೇನು ಬೈಗುಳವಿದೆಯೋ ಅಷ್ಟೂ ಬೀದಿಗೆ ಕೇಳುವಂತೆ ಬಂತು. ನಾಲ್ಕನೆಯ ರಹಸ್ಯ ಅರ್ಧಕ್ಕೇ ನಿಂತಿತು. ಎದುರು ಜಗಲಿಯಿಂದ ಗೌಡರ ಮನೆಯ ಸೊಸೆ ಕೂಗಿ ಕೇಳಿದಳು:

‘ಏನ್ ಟೀಚರಮ್ಮ, ಮನೇಲಿ ಸಂತೆ?’